ಕೀಬೋರ್ಡ್ ಸ್ವಿಚ್ ಎಷ್ಟು ಗಟ್ಟಿ? ಹತ್ತರ ನಾಣ್ಯ ಇಟ್ಟು ನೋಡಿ
ಬೆಳಗಾವಿ ಗೆಳೆಯರೇ, ಹಗಲು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ರಾತ್ರಿ ಗೇಮ್ ಅನ್ನುವವರಿಗೆ ಇದು. ಸ್ವಿಚ್ ಅಂದರೆ ಪ್ರತಿ ಕೀ ಕೆಳಗೆ ಒತ್ತನ್ನು ಗುರುತಿಸುವ ಭಾಗ. ಚೆರ್ರಿ ಕಂಪನಿಯ ರೆಡ್ ಸ್ವಿಚ್‌ಗೆ ಸುಮಾರು 45 ಗ್ರಾಂ ಒತ್ತು ಸಾಕು, ಬ್ರೌನ್‌ಗೆ 55, ಬ್ಲ್ಯಾಕ್‌ಗೆ 60. ನಾನು ಮೊದಲು 35 ಗ್ರಾಂನದ್ದು ತಂದೆ. ಗೇಮಿಗೆ ಬೆಣ್ಣೆ! ಆದರೆ ನುಡಿಯಲ್ಲಿ ಎಫ್ ಒತ್ತಿದರೆ ಒತ್ತಕ್ಷರ, ಅಲ್ವಾ? ಆ ಕೀಗೆ ಬೆರಳು ಸುಮ್ನೆ ತಾಗಿದರೂ ಗೋಕಾಕದ ಕರದಂಟು 'ಕ್ರದಂಟು' ಆಗುತ್ತಿತ್ತು.

ಹತ್ತು ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ. ಕೆಲವು ಅಂಗಡಿಯವರು ಬೇಡ ಅನ್ನುತ್ತಾರಲ್ಲ, ಅದೇ. ಕೀ ಮೇಲೆ ಒಂದೊಂದಾಗಿ ಮೆಲ್ಲಗೆ ಪೇರಿಸಿ. ಆರನೆಯದಕ್ಕೆ ಅಕ್ಷರ ಮೂಡಿದರೆ 45ರ ಆಸುಪಾಸು. ಎರಡೂ ಕೆಲಸಕ್ಕೆ ನನಗೆ ಹಿಡಿಸಿದ್ದು ಇದೇ. ಕೈ ಭಾರ ಇದ್ದವರು 55 ನೋಡಿ. ಹಾಟ್‌ಸ್ವಾಪ್ ಬೋರ್ಡ್ (ಬೆಸುಗೆ ಇಲ್ಲದೆ ಸ್ವಿಚ್ ಕಿತ್ತು ಬದಲಿಸಬಹುದಾದದ್ದು) ಇದ್ದರೆ ಗೇಮಿನಲ್ಲಿ ಓಡಾಡಲು ಬಳಸುವ ಡಬ್ಲ್ಯು, ಎ, ಎಸ್, ಡಿ ಕೀಗಳಿಗಷ್ಟೇ ಹಗುರ ಸ್ವಿಚ್ ಹಾಕಿಕೊಳ್ಳಿ.