ಆಟಿಸಂ ಥೆರಪಿಯ ಬಿಲ್ಲಿಗೆ ವಿಮೆ ಹಣ: ನಾನು ಕಾಗದಪತ್ರ ಜೋಡಿಸಿಕೊಂಡ ಬಗೆ

ಮಗುವಿಗೆ ಆಟಿಸಂ ಎಂದು ಗೊತ್ತಾದ ಮೇಲೆ ವಿಮೆ ಕಂಪನಿಗೆ ಫೋನ್ ಮಾಡಿ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: "ಪಾಲಿಸಿಯಲ್ಲಿ ಆಟಿಸಂ ಕವರ್ ಆಗುತ್ತಾ?" "ಆಗುತ್ತೆ" ಎಂಬ ಉತ್ತರ ಬಂದರೂ ಅದನ್ನು ನಂಬಿ ಕೂರುವಂತಿಲ್ಲ. ಕೇಳಬೇಕಾದದ್ದು ಹೀಗೆ: "ಮಗುವನ್ನು ಅಡ್ಮಿಟ್ ಮಾಡದೆ, ವಾರಕ್ಕೆ ಐದು ಸಲ ಸೆಂಟರಿಗೆ ಕರೆದುಕೊಂಡು ಹೋಗಿ ಮಾಡಿಸುವ ಥೆರಪಿಗೆ ಹಣ ಕೊಡುತ್ತೀರಾ? ಯಾವ ಕಲಂ ಪ್ರಕಾರ, ವರ್ಷಕ್ಕೆ ಎಷ್ಟರವರೆಗೆ?" ಹೀಗೆ ಕೇಳಿದರೆ ಬಹುತೇಕ ಪಾಲಿಸಿಗಳಲ್ಲಿ ಉತ್ತರ ಬದಲಾಗುತ್ತದೆ.

ಕಾರಣ ಸರಳ. ನಮ್ಮಲ್ಲಿ ಮಾಮೂಲಿ ಆರೋಗ್ಯ ವಿಮೆ ನಿಂತಿರುವುದು ಆಸ್ಪತ್ರೆಯ ಒಳರೋಗಿ ಚಿಕಿತ್ಸೆಯ ಮೇಲೆ. ಕನಿಷ್ಠ 24 ಗಂಟೆ ದಾಖಲಾಗಿರಬೇಕು, ಇಲ್ಲವೇ ಡೇ ಕೇರ್, ಅಂದರೆ ದಾಖಲಾಗಿ ಅದೇ ದಿನ ಮನೆಗೆ ಹೋಗುವ ಚಿಕಿತ್ಸೆ ಆಗಿರಬೇಕು. ಥೆರಪಿ ಎರಡೂ ಅಲ್ಲ, ಅದು ಪೂರ್ತಿ ಒಪಿಡಿ, ಅಂದರೆ ಹೊರರೋಗಿ ಚಿಕಿತ್ಸೆ. 2019ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕಂಪನಿಗಳು ಇನ್ನು ಮುಂದೆ ಹೊರಗಿಡುವಂತಿಲ್ಲ ಎಂಬ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳ ಜೊತೆಗೆ ವರ್ತನೆ ಮತ್ತು ನರವಿಕಾಸದ ತೊಂದರೆಗಳೂ (ಆಟಿಸಂ ಈ ಗುಂಪಿನದು) ಸೇರಿವೆ. ಹಾಗಾಗಿ ಈಗ ಆಟಿಸಂ ಎಂಬ ಹೆಸರಿಗಾಗಿಯೇ ತಿರಸ್ಕರಿಸುವುದು ಕಷ್ಟ. ಆದರೆ "ಇದು ಒಪಿಡಿ ಖರ್ಚು, ನಿಮ್ಮ ಪಾಲಿಸಿಯಲ್ಲಿ ಒಪಿಡಿ ಇಲ್ಲ" ಎಂದು ತಿರಸ್ಕರಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇದಕ್ಕೆ ಅಡ್ಡದಾರಿ ಹುಡುಕಬೇಡಿ. ಎಂಆರ್‌ಐ, ಇಇಜಿ, ಶ್ರವಣ ಪರೀಕ್ಷೆಗಳನ್ನು ಒಟ್ಟಿಗೆ ಮುಗಿಸಿ ವಿಮೆಯಲ್ಲಿ ಹಾಕೋಣ ಎಂದು ಮಗುವನ್ನು ಒಂದು ದಿನ ಅಡ್ಮಿಟ್ ಮಾಡುವವರಿದ್ದಾರೆ. ಬಹುತೇಕ ಪಾಲಿಸಿಗಳಲ್ಲಿ 'ಎಕ್ಸ್‌ಕ್ಲೂಷನ್ 04' ಎಂಬ ಕಲಂ ಇರುತ್ತದೆ. ಮುಖ್ಯವಾಗಿ ತಪಾಸಣೆಗೆಂದೇ ಆದ ದಾಖಲಾತಿಗೆ ಹಣವಿಲ್ಲ ಎಂಬುದು ಅದರ ಸಾರ. ಕ್ಲೇಮೂ ಹೋಗುತ್ತದೆ, ಆಸ್ಪತ್ರೆಯ ರೂಮ್ ಬಾಡಿಗೆಯೂ ಮೈಮೇಲೆ ಬರುತ್ತದೆ.

ಪಾಲಿಸಿಯ ಪುಸ್ತಕವನ್ನು ಮೊದಲ ಪುಟದಿಂದ ಓದಲು ಕೂತರೆ ಹತ್ತನೇ ಪುಟಕ್ಕೆ ಸಾಕಾಗುತ್ತದೆ. ನಾನು ಓದುವ ಕ್ರಮ ಬೇರೆ. ಮೊದಲು ಶೆಡ್ಯೂಲ್, ಅಂದರೆ ಮಗುವಿನ ಹೆಸರು, ಹುಟ್ಟಿದ ದಿನ, ವಿಮಾ ಮೊತ್ತ ಇರುವ ಒಂದೆರಡು ಹಾಳೆ. ಆಮೇಲೆ ಅದಕ್ಕೆ ಅಂಟಿಸಿದ, ಪಾಲಿಸಿಯ ಷರತ್ತು ಬದಲಿಸುವ ಅಥವಾ ಸೇರಿಸುವ ಎಂಡಾರ್ಸ್‌ಮೆಂಟ್‌ಗಳು. ಆಫೀಸಿನ ಗುಂಪು ವಿಮೆಯಲ್ಲಿ ಆಟಿಸಂ ಥೆರಪಿಗೆ ಪ್ರತ್ಯೇಕ ಮೊತ್ತ ಇಟ್ಟಿದ್ದರೆ ಅದು ಇರುವುದು ಇಲ್ಲೇ. ಮೂರನೆಯದು ಒಪಿಡಿ ಎಂಬ ಪದ ಬರುವ ಪ್ರತಿಯೊಂದು ಜಾಗ. ಕೊನೆಗೆ ಮಾನಸಿಕ ಆರೋಗ್ಯದ ಭಾಗ. ಕೆಲವು ಪಾಲಿಸಿಗಳಲ್ಲಿ ಇಲ್ಲಿ 'ಎಫ್' ಅಕ್ಷರದಿಂದ ಶುರುವಾಗುವ ಕಾಯಿಲೆ ಸಂಕೇತಗಳ ಪಟ್ಟಿಯೇ ಇರುತ್ತದೆ. ಆಟಿಸಂನ ಸಂಕೇತ ಎಫ್84.0. ಪಟ್ಟಿಯಲ್ಲಿ ಎಫ್84 ಇದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿಕೊಳ್ಳಿ.

ಆಫೀಸಿನ ಗುಂಪು ವಿಮೆ ಇದ್ದರೆ ಎಚ್‌ಆರ್‌ಗೆ ಫೋನ್ ಬೇಡ, ಇಮೇಲ್ ಬರೆಯಿರಿ. ನಾಲ್ಕು ಪ್ರಶ್ನೆ ಸಾಕು: ಒಪಿಡಿ ಇದೆಯೇ, ಅದರಲ್ಲಿ ಸ್ಪೀಚ್ (ಮಾತಿನ) ಮತ್ತು ಆಕ್ಯುಪೇಷನಲ್ (ದಿನನಿತ್ಯದ ಚಟುವಟಿಕೆಗಳ) ಥೆರಪಿ ಸೇರುತ್ತವೆಯೇ, ವರ್ಷದ ಮಿತಿ ಎಷ್ಟು, ಥೆರಪಿಸ್ಟ್‌ಗೆ ಯಾವ ನೋಂದಣಿ ಇರಬೇಕು. ಬಂದ ಉತ್ತರವನ್ನು ಪ್ರಿಂಟ್ ತೆಗೆದಿಡಿ. ಮುಂದೆ ತಕರಾರು ಎದ್ದಾಗ ಅದೇ ಮೊದಲ ಆಧಾರ. ಹೊಸದಾಗಿ ಸ್ವಂತ ಪಾಲಿಸಿ ಮಾಡಿಸುವವರಿಗೆ ಒಂದೇ ಮಾತು: ಪ್ರಪೋಸಲ್ ಫಾರ್ಮ್‌ನಲ್ಲಿ ಆಟಿಸಂ ಇದೆ ಎಂದು ಬರೆಯಿರಿ. ಏಜೆಂಟರು "ಅದೆಲ್ಲ ಬೇಡ ಬಿಡಿ" ಎಂದರೂ ಬರೆಯಿರಿ. ಮುಚ್ಚಿಟ್ಟದ್ದು ಹೊರಬಿದ್ದರೆ ಡೆಂಗಿ ಜ್ವರದ ಕ್ಲೇಮ್ ಕೂಡ ಸಿಕ್ಕಿಹಾಕಿಕೊಳ್ಳುತ್ತದೆ, ಪಾಲಿಸಿಯೇ ರದ್ದಾಗಬಹುದು. ಅಂಗವೈಕಲ್ಯ ಇರುವವರಿಗೆ ಪಾಲಿಸಿ ಕೊಡುವ ವ್ಯವಸ್ಥೆ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಇರಬೇಕು ಎಂದು 2023ರ ಫೆಬ್ರುವರಿಯಲ್ಲೇ ಐಆರ್‌ಡಿಎಐ ಸುತ್ತೋಲೆ ಹೊರಡಿಸಿದೆ. "ಇಂಥ ಮಕ್ಕಳಿಗೆ ಕೊಡುವುದಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಬರವಣಿಗೆಯಲ್ಲಿ ಕೇಳಿ.

ಥೆರಪಿಗೆಂದೇ ಹಣ ಇಟ್ಟಿರುವ ವಿಮೆ ಒಂದಿದೆ, ನಿರಾಮಯ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಬಂದ ನ್ಯಾಷನಲ್ ಟ್ರಸ್ಟ್ ನಡೆಸುವ ಯೋಜನೆ ಇದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂ.ವರೆಗೆ. ವಯಸ್ಸಿನ ಮಿತಿ ಇಲ್ಲ, ಸೇರುವ ಮುನ್ನ ವೈದ್ಯಕೀಯ ತಪಾಸಣೆ ಇಲ್ಲ. ನಾನು ಬಳಸಿದ ನ್ಯಾಷನಲ್ ಟ್ರಸ್ಟ್ ಕೋಷ್ಟಕದಲ್ಲಿ ಎಪಿಎಲ್ ಕುಟುಂಬಕ್ಕೆ ನೋಂದಣಿ 500 ರೂ., ನವೀಕರಣ 250 ರೂ.; ಬಿಪಿಎಲ್‌ಗೆ 250 ಮತ್ತು 50 ರೂ.

ಆದರೆ 1 ಲಕ್ಷ ಎಂಬುದನ್ನು ಕೇಳಿ ಹಿಗ್ಗಬೇಡಿ, ಅದು ಬಾಬತ್ತುಗಳಾಗಿ ಹಂಚಿಹೋಗಿದೆ. ಅದೇ ಕೋಷ್ಟಕದ ಪ್ರಕಾರ ಆಸ್ಪತ್ರೆ ದಾಖಲಾತಿ ಮತ್ತು ಶಸ್ತ್ರಚಿಕಿತ್ಸೆಗೆ 70,000, ಒಪಿಡಿಗೆ 14,500, ನಿರಂತರ ಥೆರಪಿಗೆ 10,000, ಆಯುರ್ವೇದದಂಥ ಪರ್ಯಾಯ ಚಿಕಿತ್ಸೆಗೆ 4,500, ಓಡಾಟಕ್ಕೆ 1,000. ಒಂದು ಬಾಬತ್ತಿನಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ತಿರುಗಿಸುವಂತಿಲ್ಲ. ಈ ಅಂಕಿಗಳು ಪರಿಷ್ಕರಣೆ ಆಗುತ್ತವೆ. ಪ್ರತಿ ಏಪ್ರಿಲ್‌ನಲ್ಲಿ ನ್ಯಾಷನಲ್ ಟ್ರಸ್ಟ್ ಜಾಲತಾಣದಿಂದ ಆ ವರ್ಷದ ಕೋಷ್ಟಕ ಇಳಿಸಿಕೊಂಡು ಫೈಲಿನ ಮೊದಲ ಹಾಳೆಯಾಗಿ ಇಡುವುದು ನನ್ನ ರೂಢಿ.

10,000 ಎಷ್ಟು ದಿನಕ್ಕೆ ಬರುತ್ತದೆ? ಸೆಷನ್ನಿಗೆ 800 ರೂ. ಎಂದಿಟ್ಟುಕೊಳ್ಳಿ. ವಾರಕ್ಕೆ 3 ಆಕ್ಯುಪೇಷನಲ್, 2 ಸ್ಪೀಚ್, ಒಟ್ಟು 4,000 ರೂ. ಎರಡೂವರೆ ವಾರಕ್ಕೆ ವರ್ಷದ ಪಾಲು ಖಾಲಿ. ಇಷ್ಟು ಕಡಿಮೆ ಎಂದು ಬಿಡುವವರೇ ಹೆಚ್ಚು. ನನ್ನ ಮಟ್ಟಿಗೆ 250 ರೂ. ಕಟ್ಟಿ 10,000 ಪಡೆಯುವುದನ್ನು ಬಿಡುವುದು ತಪ್ಪು. ಜೊತೆಗೆ ಒಪಿಡಿ ಬಾಬತ್ತಿನಲ್ಲಿ ವೈದ್ಯರ ಫೀಸು, ಔಷಧಿ, ರಕ್ತಪರೀಕ್ಷೆ, ಹಲ್ಲಿನ ತಪಾಸಣೆಯೂ ಬರುತ್ತವೆ.

ನಿರಾಮಯಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಬೇಕೇ ಬೇಕು. ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ (ಅಂಗವೈಕಲ್ಯ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ, ಆಸ್ಪತ್ರೆ ಆರಿಸಿಕೊಂಡು, ಕರೆದ ದಿನ ಮಗುವನ್ನು ಕರೆದೊಯ್ಯಬೇಕು. ಅಲ್ಲಿ ಐಎಸ್‌ಎಎ ಎಂಬ ಭಾರತೀಯ ಮಾಪನದ 40 ಅಂಶಗಳಿಗೆ ತಲಾ 1ರಿಂದ 5 ಅಂಕ ಹಾಕುತ್ತಾರೆ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಎಂದು; 70–106 ಸೌಮ್ಯ, 107–153 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ. ಪರೀಕ್ಷೆಯ ಬಹುಪಾಲು ತಂದೆ ತಾಯಿ ಹೇಳುವ ಉತ್ತರದ ಮೇಲೆ ನಡೆಯುವುದರಿಂದ, "ಈಗ ಪರವಾಗಿಲ್ಲ, ಸುಧಾರಿಸಿದ್ದಾನೆ" ಎಂದು ಅಭಿಮಾನಕ್ಕೆ ಹೇಳುವ ಮಾತು ಅಂಕ ಇಳಿಸುತ್ತದೆ. ಇದ್ದದ್ದು ಇದ್ದಂತೆ ಹೇಳಿ, ಕಷ್ಟದ ದಿನಗಳನ್ನೂ ಸೇರಿಸಿ. ಹಿಂದಿನ ಎಲ್ಲ ವರದಿಗಳ ಜೆರಾಕ್ಸ್ ಕೈಯಲ್ಲಿರಲಿ.

ಪ್ರಮಾಣಪತ್ರ ಬಂದ ಕೂಡಲೇ ಎರಡು ವಿಷಯ ನೋಡಿ. ಮೊದಲನೆಯದು ಅವಧಿ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಅದು ಮುಗಿದರೆ ನಿರಾಮಯ ನವೀಕರಣವೂ ನಿಲ್ಲುತ್ತದೆ. ಎರಡನೆಯದು ಹೆಸರು. ನಮ್ಮ ಕಡೆಯ ಇನಿಷಿಯಲ್ ಪದ್ಧತಿ ಇಲ್ಲಿ ತುಂಬ ಕಾಡುತ್ತದೆ. ಆಧಾರ್‌ನಲ್ಲಿ 'ಚಿನ್ಮಯ್ ಆರ್', ಯುಡಿಐಡಿಯಲ್ಲಿ 'ಚಿನ್ಮಯ್ ರಾಘವೇಂದ್ರ', ಸೆಂಟರಿನ ಬಿಲ್ಲಿನಲ್ಲಿ ಮನೆಯಲ್ಲಿ ಕರೆಯುವ 'ಚಿನ್ನು' ಎಂದಿದ್ದರೆ, ಮೂವರೂ ಒಬ್ಬನೇ ಎಂದು ಕ್ಲೇಮ್ ಪರಿಶೀಲಿಸುವ ಸಂಸ್ಥೆ (ಟಿಪಿಎ) ಯಾಕೆ ನಂಬಬೇಕು? ಯುಡಿಐಡಿಯಲ್ಲಿ ಇರುವ ಹೆಸರನ್ನೇ, ಒಂದು ಚುಕ್ಕೆಯೂ ಬದಲಾಗದಂತೆ, ಎಲ್ಲ ಕಡೆ ಬರೆಸಿ.

ಇನ್ನು ಕ್ಲೇಮ್ ನಿಲ್ಲುವುದೂ ಬೀಳುವುದೂ ಎರಡು ಹಾಳೆಗಳ ಮೇಲೆ: ವೈದ್ಯರ ಚೀಟಿ ಮತ್ತು ಸೆಂಟರಿನ ಬಿಲ್ಲು.

ವೈದ್ಯರು ಸಾಮಾನ್ಯವಾಗಿ ಚೀಟಿಯ ಕೊನೆಯಲ್ಲಿ "ಒಟಿ, ಎಸ್‌ಟಿ ಮುಂದುವರಿಸಿ" ಎಂದಷ್ಟೇ ಗೀಚಿರುತ್ತಾರೆ. ಇದು ಥೆರಪಿಸ್ಟ್‌ಗೆ ಅರ್ಥವಾಗುತ್ತದೆ, ಕ್ಲೇಮ್ ಮೇಜಿನ ಮುಂದೆ ಕೂತವರಿಗೆ ಆಗುವುದಿಲ್ಲ. ನಾನು ಕೇಳಿ ಬರೆಸಿಕೊಳ್ಳುವುದು ಹೀಗೆ: "ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್, ಎಫ್84.0. ಆಕ್ಯುಪೇಷನಲ್ ಥೆರಪಿ ವಾರಕ್ಕೆ 3 ಸೆಷನ್, ತಲಾ 45 ನಿಮಿಷ. ಸ್ಪೀಚ್ ಥೆರಪಿ ವಾರಕ್ಕೆ 2 ಸೆಷನ್, ತಲಾ 45 ನಿಮಿಷ. ಅವಧಿ 6 ತಿಂಗಳು, ನಂತರ ಮರುಪರೀಕ್ಷೆ." ಕೆಳಗೆ ಸಹಿ, ಸೀಲು, ವೈದ್ಯರ ನೋಂದಣಿ ಸಂಖ್ಯೆ, ದಿನಾಂಕ. ಆ ದಿನಾಂಕ ಮೊದಲ ಸೆಷನ್ನಿಗಿಂತ ಮುಂಚಿನದಾಗಿರಬೇಕು. ಥೆರಪಿ ಶುರುವಾಗಿ ತಿಂಗಳಾದ ಮೇಲೆ ಚೀಟಿ ತಂದರೆ ಆ ತಿಂಗಳ ಹಣ ಬರುವುದಿಲ್ಲ. ಆರು ತಿಂಗಳು ಮುಗಿಯುವ ಎರಡು ವಾರ ಮೊದಲೇ ಮರುಪರೀಕ್ಷೆಗೆ ಸಮಯ ತೆಗೆದುಕೊಳ್ಳಿ.

ಬಿಲ್ಲಿನ ಕಥೆ ಇದಕ್ಕಿಂತ ದೊಡ್ಡದು. ಅನೇಕ ಸೆಂಟರುಗಳು "ಜೂನ್ ತಿಂಗಳ ಶುಲ್ಕ 18,000" ಎಂದೋ "ಅರ್ಲಿ ಇಂಟರ್‌ವೆನ್ಷನ್ ಪ್ಯಾಕೇಜ್" ಎಂದೋ ಒಂದೇ ಸಾಲು ಬರೆದು ಕೊಡುತ್ತವೆ. ಶುಲ್ಕ ಎಂಬ ಪದ ಕಂಡ ತಕ್ಷಣ ಅದು ಶಾಲೆಯ ಫೀಸು ಎಂದು ಪಕ್ಕಕ್ಕೆ ಇಡುತ್ತಾರೆ. ಪ್ಯಾಕೇಜಿನಲ್ಲಿ ನಿಜವಾಗಿ ನಡೆದ ಥೆರಪಿಯನ್ನು ಬಿಡಿಸಿ ಬರೆಸಬೇಕು: ಜೂನ್ 2, ಆಕ್ಯುಪೇಷನಲ್ ಥೆರಪಿ, 45 ನಿಮಿಷ, 800 ರೂ., ಥೆರಪಿಸ್ಟ್ ಹೆಸರು. ಜೂನ್ 3, ಸ್ಪೀಚ್ ಥೆರಪಿ, ಹೀಗೆ. ಗುಂಪು ತರಗತಿ, ಊಟ, ಸಾಮಗ್ರಿ ಶುಲ್ಕಕ್ಕೆ ಬೇರೆ ಬಿಲ್ಲು ಮಾಡಿಸಿ, ಅವನ್ನು ಕ್ಲೇಮಿಗೆ ಸೇರಿಸಬೇಡಿ. ಬಿಲ್ಲಿಗೆ ಕ್ರಮಸಂಖ್ಯೆ ಇರಲಿ, ಹಣ ಕಟ್ಟಿದ ರಸೀದಿ ಪ್ರತ್ಯೇಕ ಇರಲಿ, ಜೊತೆಗೆ ಹಾಜರಿ ಹಾಳೆಯ ಪ್ರತಿ ಲಗತ್ತಿಸಿ. ಮಗು ಜ್ವರದಿಂದ ಬರದ ದಿನವೂ ಬಿಲ್ಲಿನಲ್ಲಿ ಸೇರಿಕೊಂಡಿರುತ್ತದೆ. ಹಾಜರಿಯೊಂದಿಗೆ ತಾಳೆ ಹಾಕಿ ಆ ಸಾಲು ತೆಗೆಸಿ. ಒಂದು ಸಾಲು ಹೊಂದದಿದ್ದರೆ ಇಡೀ ಬಿಲ್ಲಿನ ಮೇಲೆ ಅನುಮಾನ ಬರುತ್ತದೆ.

ನೋಂದಣಿ ಸಂಖ್ಯೆಯ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ ನೋಂದಾಯಿಸಿರಬೇಕು. ಬಿಲ್ಲಿನ ಮೇಲೆ ಆ ಸಂಖ್ಯೆ ಬರೆಸಿ, ಅದರ ಅವಧಿ ಮುಗಿದಿಲ್ಲ ಎಂಬುದನ್ನೂ ನೋಡಿ. ಆಕ್ಯುಪೇಷನಲ್ ಥೆರಪಿಸ್ಟ್ ಮತ್ತು ಫಿಸಿಯೋಥೆರಪಿಸ್ಟ್‌ಗಳು ಆರ್‌ಸಿಐ ವ್ಯಾಪ್ತಿಗೆ ಬರುವುದಿಲ್ಲ. ಅವರ ಬಿಲ್ಲಿಗೂ "ಆರ್‌ಸಿಐ ಸಂಖ್ಯೆ ಕೊಡಿ" ಎಂದು ಕ್ವೆರಿ ಬಂದರೆ ಗಾಬರಿಯಾಗಬೇಡಿ. ಅವರ ಪದವಿ ಪ್ರಮಾಣಪತ್ರ, ವೃತ್ತಿಸಂಘದ ಸದಸ್ಯತ್ವದ ಪ್ರತಿ ಇಟ್ಟು, ಈ ವೃತ್ತಿಗೆ ಆರ್‌ಸಿಐ ನೋಂದಣಿ ಅನ್ವಯಿಸುವುದಿಲ್ಲ ಎಂದು ಸೆಂಟರಿನ ಲೆಟರ್‌ಹೆಡ್ಡಿನಲ್ಲಿ ಬರೆಸಿ ಕಳುಹಿಸಿ.

ನಿರಾಮಯ ಮತ್ತು ಆಫೀಸಿನ ಒಪಿಡಿ ಎರಡೂ ಇದ್ದವರು ಬಿಲ್ಲನ್ನು ಮೊದಲೇ ಎರಡು ಪಾಲು ಮಾಡಿಸಿಕೊಳ್ಳಬೇಕು. ನಿರಾಮಯಕ್ಕೆ ಮೂಲ ಪ್ರತಿಗಳೇ ಬೇಕು. ಏಪ್ರಿಲ್‌ನ ಮೊದಲ 13 ಸೆಷನ್ನಿಗೆ ಒಂದು ಬಿಲ್ಲು, ಮೇಲಿನ ದರದಲ್ಲಿ 10,400 ರೂ., ಥೆರಪಿ ಬಾಬತ್ತು ಪೂರ್ತಿ ಮುಗಿಯುತ್ತದೆ. ಹದಿನಾಲ್ಕನೆಯದರಿಂದ ಬೇರೆ ಸಂಖ್ಯೆಯ ಬಿಲ್ಲು, ಅದು ಆಫೀಸಿಗೆ. ಒಂದೇ ಬಿಲ್ಲನ್ನು ಎರಡು ಕಡೆ ಹಾಕುವುದು ವಂಚನೆ ಎನಿಸಿಕೊಳ್ಳುತ್ತದೆ. ನಿರಾಮಯ ಕ್ಲೇಮನ್ನು ಚಿಕಿತ್ಸೆಯ 30 ದಿನದೊಳಗೆ ಸಲ್ಲಿಸಬೇಕು. ತಿಂಗಳ ಬಿಲ್ಲು ಕಾಯುತ್ತ ಕೂತರೆ ಮೊದಲ ವಾರದ ಸೆಷನ್ನುಗಳು ಗಡುವು ದಾಟುತ್ತವೆ, ಹಾಗಾಗಿ ನಾನು 15 ದಿನಕ್ಕೊಮ್ಮೆ ಬಿಲ್ಲು ಮಾಡಿಸುತ್ತೇನೆ. ಕಳುಹಿಸುವ ಮುನ್ನ ಪ್ರತಿ ಹಾಳೆಗೂ ಸಂಖ್ಯೆ ಹಾಕಿ ಸ್ಕ್ಯಾನ್ ಮಾಡಿ, ಸ್ಪೀಡ್ ಪೋಸ್ಟ್ ರಸೀದಿಯನ್ನು ಅದೇ ಫೋಲ್ಡರಿನಲ್ಲಿ ಇಡಿ.

ಕ್ವೆರಿ ಬಂದರೆ ಅದು ತಿರಸ್ಕಾರವಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ತಿರಸ್ಕಾರವಾದರೆ ಯಾವ ಕಲಂ ಎಂದು ಬರವಣಿಗೆಯಲ್ಲಿ ಕೇಳಿ, ಆ ಕಲಂ ಪಕ್ಕದಲ್ಲಿ ನಿಮ್ಮ ಎಂಡಾರ್ಸ್‌ಮೆಂಟಿನ ಸಾಲನ್ನು ಇಟ್ಟು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲೇ ಇದೆ. ಗುಂಪು ವಿಮೆಯ ದೂರನ್ನೂ ತೆಗೆದುಕೊಳ್ಳುತ್ತಾರೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು. ಪಾಲಿಸಿಯಲ್ಲಿ ಒಪಿಡಿಯೇ ಇಲ್ಲದಿದ್ದರೆ ಮಾತ್ರ ಅಲ್ಲಿಗೆ ಹೋಗಿ ಸಮಯ ಕಳೆಯಬೇಡಿ; ಇಲ್ಲದ ಸೌಲಭ್ಯವನ್ನು ಅವರೂ ಕೊಡಿಸಲಾರರು.

ವಿಮೆಯಿಂದ ಬಾರದ ಹಣದ ಒಂದಷ್ಟು ಭಾಗ ತೆರಿಗೆಯಲ್ಲಿ ಉಳಿಯುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಂ ಅಡಿ ನಾನು ಪಡೆದದ್ದು ತೆರಿಗೆ ಲೆಕ್ಕದ ಆದಾಯದಲ್ಲಿ 75,000 ರೂ. ಕಡಿತ, ಅಂಗವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1,25,000. ಖರ್ಚು ಎಷ್ಟಾದರೂ ಕಡಿತ ಅಷ್ಟೇ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಆ ಕಾಯ್ದೆಯಡಿ ಆಟಿಸಂಗೆ ಫಾರ್ಮ್ 10-ಐಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕಿತ್ತು, ಅದಕ್ಕೆ ಮಕ್ಕಳ ನರತಜ್ಞರು ಅಥವಾ ಸರ್ಕಾರಿ ಆಸ್ಪತ್ರೆಯ ಜಿಲ್ಲಾ ಶಸ್ತ್ರಚಿಕಿತ್ಸಕರ ಸಹಿ ಆಗಬೇಕಿತ್ತು.

ನಿರಾಮಯದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ನೀವು ಯಾವ ತಿಂಗಳಲ್ಲಿ ಸೇರಿದ್ದರೂ. ಡಿಸೆಂಬರಿನಲ್ಲಿ ಸೇರಿದವರಿಗೆ ಮೊದಲ ವರ್ಷ ನಾಲ್ಕೇ ತಿಂಗಳು. ಫೆಬ್ರುವರಿಯಲ್ಲೇ ಯುಡಿಐಡಿ ಅವಧಿ, ವೈದ್ಯರ ಚೀಟಿಯ ದಿನಾಂಕ, ಬ್ಯಾಂಕ್ ಖಾತೆಯ ವಿವರ ನೋಡಿಕೊಂಡು ನವೀಕರಣದ ಹಣ ಕಟ್ಟಿಬಿಡಿ.