ಹಿಂಡಿ ಬೇಡದ ಗಿಡ: ಡ್ರಾಸೆರಾ ಬೀಜ ಬಿತ್ತುವ ಬಗೆ

ಮಲ್ಲಿಗೆ ಗಿಡಕ್ಕೆ ನೆಲಗಡಲೆ ಹಿಂಡಿ ನೆನೆಸಿ ಹಾಕಿ ಅಭ್ಯಾಸವಾದ ಉಡುಪಿಯ ಕೈಗಳಿಗೆ ನಾನು ಮೊದಲು ಹೇಳುವುದು ಇಷ್ಟು: ಕೀಟಾಹಾರಿ ಗಿಡವಾದ ಡ್ರಾಸೆರಾದ ಕುಂಡದ ಹತ್ತಿರ ಹಿಂಡಿ, ಸೆಗಣಿ, ಸುಡುಮಣ್ಣು ಯಾವುದೂ ಸುಳಿಯಬಾರದು. ಸಾರವಿಲ್ಲದ ನೆಲದಲ್ಲಿ ಬದುಕುವ ಈ ಗಿಡ ಎಲೆಯ ಅಂಟುಹನಿಗಳಲ್ಲಿ ಕೀಟ ಹಿಡಿದು ಸಾರಜನಕ ಪಡೆಯುತ್ತದೆ. ಬೇರಿಗೆ ಗೊಬ್ಬರ ತಾಗಿದರೆ ಸಾಯುತ್ತದೆ.

ಹೊಸಬರು ಡ್ರಾಸೆರಾ ಬರ್ಮಾನಿಯಿಂದ ಶುರು ಮಾಡಿ. ನೆಲಕ್ಕೆ ಅಂಟಿಕೊಂಡ, ನಾಣ್ಯದಗಲದ ಗಿಡ, ಬಿಳಿ ಹೂ, ತಾನೇ ಪರಾಗಸ್ಪರ್ಶ ಮಾಡಿಕೊಂಡು ಧಾರಾಳ ಬೀಜ ಬಿಡುತ್ತದೆ. ನಮ್ಮ ಮುರಕಲ್ಲಿನ ಪದವುಗಳಲ್ಲಿ (ಎತ್ತರದ ಬಯಲುಗಳಲ್ಲಿ) ಮಳೆಗಾಲದಲ್ಲಿ ಕಾಣುವ ಡ್ರಾಸೆರಾ ಇಂಡಿಕಾ ಎರಡನೆಯದು: ನೆಟ್ಟಗೆ ಏಳುವ ಕಾಂಡ, ದಾರದಂಥ ಉದ್ದ ಎಲೆ. ಇವೆರಡೂ ಇಲ್ಲಿನ ಸೆಕೆಗೆ ಹೆದರುವುದಿಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದ ಡ್ರಾಸೆರಾ ಕ್ಯಾಪೆನ್ಸಿಸ್ ಸಹ ಸುಲಭವೇ, ಆದರೆ ಏಪ್ರಿಲ್ ಬಿಸಿಲಿನಲ್ಲಿ ನೆರಳು ಕೊಡಬೇಕು. ಚಳಿಗಾಲದ ನಿದ್ರೆ ಬೇಕಾಗುವ ಶೀತಪ್ರದೇಶದ ರೊಟುಂಡಿಫೋಲಿಯಾಗೆ ದುಡ್ಡು ಹಾಕಬೇಡಿ.

ಮಿಶ್ರಣಕ್ಕೆ ಪೀಟ್ ಮಾಸ್ (ಜೌಗಿನಲ್ಲಿ ಕೊಳೆತ ಪಾಚಿ) ಒಂದು ಪಾಲು, ತೊಳೆದ ನದಿ ಹೊಯಿಗೆ (ಮರಳು) ಒಂದು ಪಾಲು. ಮಲ್ಪೆಯ ಕಡಲತೀರದ ಮರಳು ಬೇಡವೇ ಬೇಡ, ಅದರಲ್ಲಿ ಉಪ್ಪಿದೆ. ಪೀಟ್ ಸಿಗದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುವುದಾದರೆ, ಮಳೆನೀರಿನಲ್ಲಿ ಹಲವು ಬಾರಿ ನೆನೆಸಿ ಹಿಂಡಿ ಉಪ್ಪು ಬಿಡಿಸಿ. ನೀರಂತೂ ಮಳೆನೀರೇ ಆಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿನಿಂದ ಸುರಿಯುವುದನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಸಿಟ್ಟರೆ ಬೇಸಗೆಗೂ ಆಗುತ್ತದೆ. ಅದು ಮುಗಿದರೆ ಆರ್‌ಒ ನೀರು. ಬಾವಿನೀರನ್ನು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿ, 50 ಪಿಪಿಎಂ ಒಳಗಿದ್ದರೆ ಮಾತ್ರ ಹಾಕಿ.

ಬಿತ್ತನೆಯಲ್ಲೇ ಹೆಚ್ಚಿನವರ ತಾಳ್ಮೆ ಕೆಡುವುದು. ಬೀಜ ನಶ್ಯದ ಪುಡಿಯಷ್ಟು ಸಣ್ಣದು, ಬೆರಳಿಗೆ ಅಂಟಿದರೆ ಮತ್ತೆ ಬಿಡಿಸಲಾಗದು. ಹಳೆಯ ಮದುವೆ ಕಾಗದವೊಂದನ್ನು ನಡುವೆ ಮಡಚಿ, ಆ ಗೆರೆಯಲ್ಲಿ ಬೀಜ ಸುರಿದು, ಒದ್ದೆ ಮಿಶ್ರಣದ ಮೇಲೆ ಓರೆಯಾಗಿ ಹಿಡಿದು ಉಗುರಿನಿಂದ ಮೆಲ್ಲನೆ ತಟ್ಟಿ. ಫ್ಯಾನ್ ಆರಿಸಿರಿ, ಉಸಿರೂ ಪಕ್ಕಕ್ಕೆ ಬಿಡಿ. ಮೇಲೆ ಮಣ್ಣು ಮುಚ್ಚಬಾರದು. ಮೊಳೆಯಲು ಬೆಳಕು ಬೇಕು. ಮೇಲಿನಿಂದ ನೀರು ಹೊಯ್ಯುವುದೂ ಬೇಡ, ಕುಂಡವನ್ನು ತಟ್ಟೆಯಲ್ಲಿಟ್ಟು 1 ಸೆಂಟಿಮೀಟರ್ ನೀರು ನಿಲ್ಲಿಸಿ. ಕುಂಡದ ಬಾಯಿಗೆ ತೂತು ಮಾಡಿದ ಪ್ಲಾಸ್ಟಿಕ್ ಹೊದಿಸಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ.

ಬರ್ಮಾನಿ, ಕ್ಯಾಪೆನ್ಸಿಸ್ ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಮೊಳೆಯುತ್ತವೆ. ಭೂತಗನ್ನಡಿ ಹಿಡಿದು ನೋಡಿ: ಸೂಜಿಮೊನೆಯಷ್ಟಿರುವ ಎಲೆಯ ಅಂಚಿನಲ್ಲಿ ಆಗಲೇ ಅಂಟುಹನಿ ಹೊಳೆಯುತ್ತಿರುತ್ತದೆ. ಆ ನೋಟಕ್ಕಾಗಿಯೇ ಎಷ್ಟು ಕಾದರೂ ನನಗೆ ಬೇಸರವಿಲ್ಲ. ಇಂಡಿಕಾ ಬೀಜ ಮಾತ್ರ ಹಟಮಾರಿ. ಕಾದ ಪಾದೆಗಲ್ಲಿನ ಮೇಲೆ ಬೇಸಗೆ ಕಳೆದು ಮಳೆಗೆ ಮೊಳೆಯುವುದು ಅದರ ಸ್ವಭಾವ. ಹಾಗಾಗಿ ಬೀಜ ಉದುರಿದ ಕುಂಡವನ್ನು ಬೇಸಗೆಯಿಡೀ ಒಣಗಲು ಬಿಟ್ಟು, ಜೂನ್‌ನಲ್ಲಿ ನೆನೆಸುವುದೇ ಸರಿ. ಅದರ ಸಸಿ ಕಿತ್ತು ನೆಟ್ಟರೆ ನಲುಗುತ್ತದೆ, ಬೆಳೆಯುವ ಕುಂಡದಲ್ಲೇ ಬಿತ್ತಿ.

ಸಸಿ ಗಟ್ಟಿಯಾದ ಮೇಲೆ ಹೊದಿಕೆಯನ್ನು ದಿನಕ್ಕಿಷ್ಟು ಸರಿಸುತ್ತಾ ಬೆಳಗಿನ ಬಿಸಿಲಿಗೆ ಒಗ್ಗಿಸಿ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಸಸಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ದೊಡ್ಡ ಗಿಡದ ಅಂಟನ್ನೂ ತೊಳೆಯುತ್ತದೆ. ಪಾರದರ್ಶಕ ಶೀಟಿನ ಅಡಿಯಲ್ಲಿರಲಿ. ಆಹಾರಕ್ಕೆ ಅಕ್ವೇರಿಯಂ ಮೀನಿನ ತಿನಿಸನ್ನು ನುಣ್ಣಗೆ ಅರೆದು, ಒದ್ದೆ ಹಲ್ಲುಕಡ್ಡಿಯ ತುದಿಗೆ ಅಂಟುವಷ್ಟನ್ನು ಒಂದೆರಡು ಎಲೆಗೆ ಮುಟ್ಟಿಸಿ. ಹೆಚ್ಚಾದರೆ ಬೂಸು ಹಿಡಿಯುತ್ತದೆ.

ಪದವಿನ ಗಿಡಗಳನ್ನು ದಯವಿಟ್ಟು ಕೀಳಬೇಡಿ. ಕಲ್ಲು ಕೋರೆ, ಬಡಾವಣೆಗಳ ನಡುವೆ ಅವಕ್ಕೆ ಉಳಿದಿರುವ ಜಾಗವೇ ಕಡಿಮೆ. ಬೆಳೆಸುವವರಿಂದ ಬೀಜ ಕೇಳಿ ಪಡೆಯಿರಿ. ನಿಮ್ಮ ಗಿಡದ ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಕಾಗದದ ಮೇಲೆ ಉದುರಿಸಿ, ಹೆಸರು, ತಿಂಗಳು ಬರೆದ ಪೊಟ್ಟಣದಲ್ಲಿ ಫ್ರಿಜ್‌ನಲ್ಲಿಟ್ಟು, ಮುಂದೆ ಕೇಳಿದವರಿಗೆ ಹಂಚಿ.