ವೀಸಾಗೆ ಬಿಸಿನೆಸ್ ಪ್ಲಾನ್ ಬರೆಯುತ್ತಿದ್ದರೆ ಇದನ್ನು ಗಮನಿಸಿ

ಬ್ಯಾಂಕ್ ಸಾಲಕ್ಕೆ ಬರೆದಿದ್ದ ಪ್ಲಾನನ್ನೇ ವೀಸಾ ಅರ್ಜಿಗೂ ಹಾಕಬೇಡಿ. ಸಾಲ ವಾಪಸ್ ಬರುತ್ತಾ ಅಂತ ಬ್ಯಾಂಕಿನವರು ನೋಡುತ್ತಾರೆ. ವೀಸಾ ಅಧಿಕಾರಿ ನೋಡುವುದು ಆ ವೀಸಾದ ಷರತ್ತನ್ನು.

ಹಾಗಾಗಿ ಮೊದಲು ನಿಯಮ ಓದಿ, ಆಮೇಲೆ ಬರೆಯಿರಿ. ಅಮೆರಿಕದಲ್ಲಿ ಹಣ ಹೂಡುವವರಿಗೆ ಕೊಡುವ ಇಬಿ-5 ವೀಸಾಗೆ ಕನಿಷ್ಠ 10 ಪೂರ್ಣಾವಧಿ ಕೆಲಸ ಹುಟ್ಟಬೇಕು, ಅದೂ ವಾರಕ್ಕೆ 35 ಗಂಟೆಗೆ ಕಡಿಮೆ ಇಲ್ಲದವು. ಬ್ರಿಟನ್ನಿನಲ್ಲಿ ಹೊಸ ಬಿಸಿನೆಸ್ ಶುರುಮಾಡುವವರಿಗೆ ಕೊಡುವ ಇನ್ನೋವೇಟರ್ ಫೌಂಡರ್ ವೀಸಾದಲ್ಲಿ ಐಡಿಯಾ ಹೊಸದಾ, ನಿಜಕ್ಕೂ ನಡೆಯುತ್ತಾ, ಮುಂದೆ ಬೆಳೆಯುತ್ತಾ ಅನ್ನುವುದೇ ಮುಖ್ಯ. ಎರಡಕ್ಕೂ ಒಂದೇ ಪ್ಲಾನ್ ಹೇಗೆ ಸರಿಹೋಗುತ್ತೆ ಹೇಳಿ?

ಜಾಸ್ತಿ ಜನ ಎಡವುವುದು ಲೆಕ್ಕದಲ್ಲಿ. ಪ್ಲಾನಿನಲ್ಲಿ ತಿಂಗಳ ಬಾಡಿಗೆ 2,000 ಡಾಲರ್ ಅಂತಿದ್ದು, ಜೊತೆಗಿಟ್ಟ ಬಾಡಿಗೆ ಕರಾರಿನಲ್ಲಿ 2,400 ಇದೆ ಅಂದುಕೊಳ್ಳಿ. ಅಲ್ಲಿಗೆ ಉಳಿದ ಅಂಕಿಗಳ ಮೇಲೂ ಅನುಮಾನ ಶುರು. ಏಳನೇ ತಿಂಗಳು ಇಬ್ಬರನ್ನು ಕೆಲಸಕ್ಕೆ ತಗೊಳ್ಳುತ್ತೀವಿ ಅಂತ ಬರೆದರೆ, ಅದೇ ತಿಂಗಳ ಖರ್ಚಿನಲ್ಲಿ ಅವರ ಸಂಬಳ ಕಾಣಬೇಕು, ಅಲ್ವಾ? ಅವರು ಮಾಡುವ ಕೆಲಸ ಏನು ಅಂತಲೂ ಎರಡು ಸಾಲು ಬರೆಯಿರಿ. ಬರೀ ಹುದ್ದೆಯ ಹೆಸರು ಸಾಲದು.

ಆದಾಯದ ಅಂದಾಜು ಸುಮ್ನೆ ದೊಡ್ಡದು ಮಾಡಬೇಡಿ. ದಿನಕ್ಕೆ ಎಷ್ಟು ಗಿರಾಕಿಗಳು, ಒಬ್ಬರಿಂದ ಎಷ್ಟು ಹಣ ಅಂತ ಬಿಡಿಸಿ ತೋರಿಸಿ. ಬಂಡವಾಳ ಎಲ್ಲಿಂದ ಬಂತು ಅನ್ನುವುದಕ್ಕೆ ಬ್ಯಾಂಕ್ ದಾಖಲೆ, ಆಸ್ತಿ ಮಾರಿದ್ದರೆ ಅದರ ಪತ್ರ, ಎಲ್ಲ ಜೋಡಿಸಿ.

ರೆಡಿಮೇಡ್ ಟೆಂಪ್ಲೇಟ್ ತಗೊಂಡು ಹೆಸರು ಬದಲಿಸುವುದಂತೂ ಬೇಡವೇ ಬೇಡ. ಸಂದರ್ಶನದಲ್ಲಿ ಪ್ಲಾನಿನ ಬಗ್ಗೆ ಕೇಳಿದರೆ ಉತ್ತರ ಕೊಡಬೇಕಾದವರು ನೀವೇ.